ಪ್ರತಿಕ್ರಿಯೆ: ಥೈರಾಯ್ಡ್ ಮಾತ್ರೆ ಜೊತೆ ಕಬ್ಬಿಣ, ಕ್ಯಾಲ್ಸಿಯಂ

ಮೇಡಂ, ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೊಳ್ತೀರಿ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಬಂದಿದೆ. ಮೆಡಿಕಲ್ ಶಾಪಿನಿಂದ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಂದು ಶುರು ಮಾಡಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಇವೆರಡೂ ಥೈರಾಯ್ಡ್ ಮಾತ್ರೆ ಮೈಗೆ ಹತ್ತದ ಹಾಗೆ ಮಾಡುತ್ತವೆ. ಕನಿಷ್ಠ 4 ಗಂಟೆ ಅಂತರ ಬೇಕು. ಜೊತೆಗೆ, ಕ್ಯಾಲ್ಸಿಯಂ ಕಬ್ಬಿಣಕ್ಕೂ ಅಡ್ಡ ಬರುತ್ತೆ. ಹಿಮೋಗ್ಲೋಬಿನ್ ಇಳಿಯೋದು ವಿಟಮಿನ್ ಬಿ12 ಕೊರತೆಯಿಂದಲೂ ಇರಬಹುದಲ್ವಾ? ಡಾಕ್ಟರನ್ನು ಕೇಳಿ ಫೆರಿಟಿನ್ (ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ), ಬಿ12 ಎರಡನ್ನೂ ನೋಡಿಸಿ.

ಊಟದಲ್ಲಿ ಮಾತ್ರ ಇವತ್ತೇ ಶುರು ಮಾಡಬಹುದು. ಹುರುಳಿಕಾಳು ಮೊಳಕೆ ಬರಿಸಿ ಸಾರು ಮಾಡಿ. ಮೊಳಕೆ ಬಂದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತೆ. ನಿಂಬೆರಸವನ್ನು ಕುದಿಯುವಾಗ ಹಾಕಬೇಡಿ, ತಟ್ಟೆಗೆ ಬಡಿಸಿದ ಮೇಲೆ ಹಿಂಡಿ. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತೆ, ಕಬ್ಬಿಣ ಹೀರಿಕೊಳ್ಳೋಕೆ ಅದೇ ಬೇಕು. ಊಟ ಆದ ತಕ್ಷಣ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ. (ನಮ್ಮ ಕಡೆ ಇದೇ ಕಷ್ಟದ ಕೆಲಸ!)

ಕ್ಯಾಲ್ಸಿಯಂಗೆ ರಾಗಿ ಇದ್ದೇ ಇದೆ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಮೊಸರು, ನುಗ್ಗೆಸೊಪ್ಪು, ಎಳ್ಳಿನ ಚಟ್ನಿಪುಡಿಯೂ ಆಗಾಗ ಇರಲಿ.

ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಮಲ ಕಪ್ಪಗಾಗಬಹುದು, ಗಾಬರಿ ಬೇಡ. ಆದರೆ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಚಾಕಲೇಟ್ ಅಂದುಕೊಂಡು ಮಗು ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ.