ಡೆಬ್ ಫೈಲ್ ಅರ್ಧಕ್ಕೇ ನಿಂತರೆ

ಉಬುಂಟು 22.04ರಲ್ಲಿ ಡೆಬ್ ಫೈಲನ್ನು (ಆಪ್ ಇರುವ ಪ್ಯಾಕೇಜ್) ಡಿಪಿಕೆಜಿ ಅನ್ನೋ ಕಮಾಂಡ್‌ನಿಂದ ಹಾಕಿದರೆ 'ಡಿಪೆಂಡೆನ್ಸಿ ಪ್ರಾಬ್ಲಮ್ಸ್' ಅಂತ ನಿಲ್ಲುತ್ತಿದೆ, ಏನೇನು ಬೇಕು ಅಂತ ಮೊದಲೇ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಡಿಪಿಕೆಜಿ ಕೈಗೆ ಕೊಟ್ಟ ಫೈಲನ್ನಷ್ಟೇ ಬಿಚ್ಚಿಡುತ್ತದೆ. ಆಪ್ ಓಡೋಕೆ ಬೇಕಾದ ಲೈಬ್ರರಿಗಳನ್ನು, ಅಂದರೆ ಡಿಪೆಂಡೆನ್ಸಿಗಳನ್ನು, ಹುಡುಕಿ ತರೋದು ಆಪ್ಟ್ ಅನ್ನೋ ಇನ್ನೊಂದು ಕಮಾಂಡ್‌ನ ಕೆಲಸ.

ಮೊದಲೇ ನೋಡಬೇಕಾದರೆ ಟರ್ಮಿನಲ್‌ನಲ್ಲಿ ಡಿಪಿಕೆಜಿ, ಹೈಫನ್, ದೊಡ್ಡ ಐ, ಆಮೇಲೆ ಫೈಲ್ ಹೆಸರು ಕೊಡಿ. ದೊಡ್ಡ ಐ ಅನ್ನೋದು ನೆನಪಿರಲಿ, ಚಿಕ್ಕದು ಇನ್‌ಸ್ಟಾಲ್ ಮಾಡೋದಕ್ಕೆ. (ನಾನೂ ಎಡವಿದ್ದೇನೆ.) ಬರುವ ವಿವರದಲ್ಲಿ 'ಡಿಪೆಂಡ್ಸ್' ಸಾಲು ನೋಡಿ. ಅಲ್ಲಿ ಲಿಬ್‌ಸಿ6 (ಬಹುತೇಕ ಎಲ್ಲ ಪ್ರೋಗ್ರಾಮ್‌ಗಳಿಗೂ ಬೇಕಾದ ಮೂಲ ಲೈಬ್ರರಿ), 2.38 ಅಥವಾ ಅದಕ್ಕಿಂತ ಹೊಸದು ಅಂತ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ಉಬುಂಟುವಿನಲ್ಲಿರೋದು 2.35. ಅದನ್ನು ಬಲವಂತವಾಗಿ ಬದಲಿಸಿದರೆ ಇಡೀ ಸಿಸ್ಟಮ್ಮೇ ಮಲಗಬಹುದು. ಸುಮ್ನೆ ಯಾಕೆ ತಲೆನೋವು, ಅದೇ ಆಪ್‌ನ ಹಳೆ ಆವೃತ್ತಿಯೋ ಫ್ಲಾಟ್‌ಪ್ಯಾಕೋ (ಬೇಕಾದ ಲೈಬ್ರರಿಗಳನ್ನು ಜೊತೆಗೇ ತರುವ ಪ್ಯಾಕೇಜ್) ಸಿಗುತ್ತದಾ ನೋಡಿ.

ಈಗ ಅರ್ಧಕ್ಕೆ ನಿಂತಿರುವುದಕ್ಕೆ 'ಸುಡೊ ಆಪ್ಟ್ ಇನ್‌ಸ್ಟಾಲ್' ಜೊತೆ ಎರಡು ಹೈಫನ್ ಹಾಕಿ 'ಫಿಕ್ಸ್-ಬ್ರೋಕನ್' ಕೊಡಿ. ಏನನ್ನಾದರೂ ತೆಗೆದುಹಾಕುತ್ತೇನೆ ಅಂದರೆ ಆ ಪಟ್ಟಿ ಓದಿಯೇ 'ವೈ' ಒತ್ತಿ. ಮುಂದಿನ ಸಲ ನೇರವಾಗಿ ಆಪ್ಟ್ ಇನ್‌ಸ್ಟಾಲ್‌ನಿಂದಲೇ ಹಾಕಿ, ಫೈಲ್ ಹೆಸರಿಗೆ ಮೊದಲು ಚುಕ್ಕಿ ಮತ್ತು ಸ್ಲ್ಯಾಶ್ (./) ಇರಲಿ. ಅದಿಲ್ಲದಿದ್ದರೆ ಆಪ್ಟ್ ನಿಮ್ಮ ಫೋಲ್ಡರ್ ಬಿಟ್ಟು ರೆಪಾಸಿಟರಿಯಲ್ಲಿ (ಆನ್‌ಲೈನ್ ಪ್ಯಾಕೇಜ್ ಸಂಗ್ರಹದಲ್ಲಿ) ಹುಡುಕುತ್ತದೆ.