ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ ಕಣ್ರೀ

ಪ್ರಶ್ನೆ: ಸರ್, ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ಗ್ಯಾಸ್ ಇಲ್ಲದ್ದು ಎಂದು ಪೇಪರಿನಲ್ಲಿ ಓದಿದೆ. ನಮ್ಮಲ್ಲೇ ಪಾವಗಡದಂಥ ಸೋಲಾರ್ ಪಾರ್ಕ್ ಇದೆ. ಮತ್ತೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳನ್ನು ಯಾಕೆ ಮುಚ್ಚಿಲ್ಲ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂತು ಎಂದು ಎಣಿಸುವುದನ್ನೇ ಬಿಟ್ಟಿದ್ದೇನೆ. ನೀವು ಓದಿದ್ದು ಸರಿ. 2025ರ ಜೂನ್ ಕೊನೆಗೆ ದೇಶದ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್. ಅದರಲ್ಲಿ ಅರ್ಧ ಬಿಸಿಲು, ಗಾಳಿ, ನೀರು, ಅಣುವಿನದು. 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಖುಷಿಪಡಿ. ಆದರೆ ನಾವು ಬಳಸುವ ಹತ್ತು ಯೂನಿಟ್‌ನಲ್ಲಿ ಏಳು ಯೂನಿಟ್ ಇನ್ನೂ ಕಲ್ಲಿದ್ದಲಿನದೇ.

ಮೆಗಾವ್ಯಾಟ್ ಅಂದರೆ ಎತ್ತಿನ ಬಲ. ಯೂನಿಟ್ ಅಂದರೆ ಅದು ಉತ್ತ ಹೊಲ. ಸೋಲಾರ್ ಎಂಬ ಎತ್ತು ಎಷ್ಟೇ ಗಟ್ಟಿಯಾದರೂ ಬಿಸಿಲಿದ್ದಾಗ ಮಾತ್ರ ನೊಗಕ್ಕೆ ಬರುತ್ತದೆ. ಒಂದು ಮೆಗಾವ್ಯಾಟ್ ಸೋಲಾರ್ ವರ್ಷಕ್ಕೆ 16ರಿಂದ 18 ಲಕ್ಷ ಯೂನಿಟ್ ಕೊಡುತ್ತದೆ. ಚೆನ್ನಾಗಿ ಓಡುವ ಒಂದು ಮೆಗಾವ್ಯಾಟ್ ಕಲ್ಲಿದ್ದಲು ಘಟಕದಿಂದ 60 ಲಕ್ಷದಷ್ಟು ಬರುತ್ತದೆ. ಪಾವಗಡದ 2,050ನ್ನು ರಾಯಚೂರಿನ 1,720ರ ಪಕ್ಕ ಇಟ್ಟು "ನೋಡಿ, ನಾವೇ ಜಾಸ್ತಿ" ಎನ್ನುವವರಿಗೆ ಈ ಲೆಕ್ಕ ಬೇಡ.

ಇನ್ನೊಂದು ಕಷ್ಟ ಸಂಜೆಯದು. ನಾನು ಗ್ರಿಡ್‌ನ ಕಂಟ್ರೋಲ್ ರೂಮಿನಲ್ಲಿ ಕೂತವನು. ಬೇಸಿಗೆಯಲ್ಲಿ ಆರೂವರೆ ಹೊತ್ತಿಗೆ ಸೋಲಾರ್ ಸೊನ್ನೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಫ್ಯಾನು, ಟಿವಿ. ಬೇಡಿಕೆಗೆ ತಕ್ಕ ಕರೆಂಟ್ ಇಲ್ಲದಿದ್ದರೆ ಗ್ರಿಡ್‌ನ ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ಇಳಿಯುತ್ತದೆ. ಅದು 49.9ಕ್ಕಿಂತ ಕೆಳಗೆ ಜಾರಿದರೆ ಎದೆ ಢವಢವ. ಶರಾವತಿಯ ಟರ್ಬೈನ್ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಕಲ್ಲಿದ್ದಲು ಘಟಕದ ತಣ್ಣಗಾದ ಬಾಯ್ಲರ್ ಹಾಗಲ್ಲ, ಅದು ಬಿಸಿಯಾಗಿ ಲೈನಿಗೆ ಬರಲು ಗಂಟೆಗಟ್ಟಲೆ ಬೇಕು. ಹಾಗಾಗಿ ಸಂಜೆಗೆ ಬೇಕಾದ ಘಟಕವನ್ನು ಮಧ್ಯಾಹ್ನವೂ ಸಣ್ಣ ಉರಿಯಲ್ಲಿ ಇಟ್ಟಿರುತ್ತಾರೆ. ಎಷ್ಟು ಸಣ್ಣದು? 2023ರ ನಿಯಮದ ಪ್ರಕಾರ ಪೂರ್ತಿ ಸಾಮರ್ಥ್ಯದ 55 ಪರ್ಸೆಂಟ್‌ವರೆಗೆ ಇಳಿಸಬೇಕು, ಮುಂದೆ 40ಕ್ಕೆ. ಅದಕ್ಕಿಂತ ಇಳಿಸಲು ಆಗದಿದ್ದಾಗ ಬಿಸಿಲಿನ ಕರೆಂಟನ್ನೇ ಬೇಡ ಎನ್ನಬೇಕಾಗುತ್ತದೆ. ಪುಕ್ಕಟೆ ಬಿಸಿಲು ಸುಮ್ನೆ ಹಾಳು.

ಇದಕ್ಕೆ ಮದ್ದು ಇನ್ನಷ್ಟು ಪ್ಯಾನೆಲ್ ಅಲ್ಲ. ಮಧ್ಯಾಹ್ನದ್ದನ್ನು ಸಂಜೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ರಾತ್ರಿಯ ಕೆಲಸವನ್ನು ಹಗಲಿಗೆ ತರಬೇಕು. ಎರಡನೆಯದು ಅಗ್ಗ. ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್ ಇವೆ. ರೈತರು ರಾತ್ರಿ ತ್ರೀ ಫೇಸ್ ಬಂದಾಗ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ನೀರು ಹಾಯಿಸಿದ್ದು ಸಾಕು. ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಅಂದರೆ ಫೀಡರಿಗೆ, ಹಗಲು ಕರೆಂಟ್ ಕೊಡುವುದು ರೈತರಿಗಾಗಿ ಇರುವ ಕೇಂದ್ರದ ಸೋಲಾರ್ ಯೋಜನೆ ಕುಸುಮ್‌ನಲ್ಲೇ ಇದೆ. ಇದು ದೊಡ್ಡ ಸುದ್ದಿಯಾಗುವುದಿಲ್ಲ, ಅದೇ ಬೇಜಾರು.

ಇಟ್ಟುಕೊಳ್ಳುವ ಮಾತಿಗೆ ಬಂದರೆ, ಶರಾವತಿ ಕಣಿವೆಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಇದೆ. ಹಗಲು ನೀರು ಮೇಲೆತ್ತಿ ಸಂಜೆ ಇಳಿಸುವುದು. ಇಂಥ ಕಡೆ 100 ಯೂನಿಟ್ ಹಾಕಿದರೆ 75–80 ವಾಪಸ್ ಬರುತ್ತದೆ. ತಂತ್ರ ಗಟ್ಟಿ, ಆದರೆ ಜಾಗ ಸಿಂಗಳೀಕದ ಕಾಡು. ನನ್ನನ್ನು ಕೇಳಿದರೆ ಮೊದಲು ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಇಡಿ ಎನ್ನುತ್ತೇನೆ. ಅದಾದ ಮೇಲೂ ಹಳೇ ಘಟಕ ಮುಚ್ಚುವ ಮುಂಚೆ ನಾನಾದರೆ ಎರಡು ಬೇಸಿಗೆ ಕಾಯುತ್ತೇನೆ. ಪುಕ್ಕಲ ಅನ್ನಿ, ಪರವಾಗಿಲ್ಲ. ಕತ್ತಲಾದಾಗ ಬೈಗುಳದ ಫೋನ್ ಬರುತ್ತಿದ್ದದ್ದು ನನಗೆ.

ಪ್ರಶ್ನೆ: ಕಲ್ಲಿದ್ದಲಿನ ಕರೆಂಟಲ್ಲಿ ಇಲೆಕ್ಟ್ರಿಕ್ ಕಾರು ಓಡಿಸಿ ಏನು ಲಾಭ?

ಹಗಲು ಚಾರ್ಜ್ ಮಾಡಿ. ಮುಂದಿನ ಪ್ರಶ್ನೆ.

ಪ್ರಶ್ನೆ: ಪ್ಲಗ್ಗಿಗೆ ಹಾಕಿದರೆ ಬಿಲ್ ಅರ್ಧ ಆಗುತ್ತದಂತೆ, ಆ ಡಬ್ಬಿ ತಗೊಳ್ಳಲಾ?

ನಾನು ಒಂದನ್ನು ಬಿಚ್ಚಿ ನೋಡಿದೆ. ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಮನೆ ಮೀಟರ್ ಲೆಕ್ಕ ಹಾಕುವ ಯೂನಿಟ್ ಕೆಪಾಸಿಟರಿನಿಂದ ಕಮ್ಮಿ ಆಗಲ್ಲ. ಆ ದೀಪದ ಖರ್ಚು ನಿಮ್ಮ ಬಿಲ್ಲಿಗೇ ಸೇರುತ್ತದೆ.

ಪ್ರಶ್ನೆ: ಚಾವಣಿ ಮೇಲೆ ಸೋಲಾರ್ ಇದ್ದರೂ ಕರೆಂಟ್ ಹೋದಾಗ ನಮ್ಮನೇಲೂ ಹೋಗುತ್ತದೆ. ಮೋಸ ಅಲ್ವಾ?

ಅಲ್ಲ. ಲೈನು ಸತ್ತಾಗ ಇನ್ವರ್ಟರ್ ತಾನೇ ನಿಲ್ಲಬೇಕು, ಏಕೆಂದರೆ ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ, ನಿಮ್ಮ ಸೋಲಾರ್ ಕರೆಂಟ್ ಲೈನಿಗೆ ಹರಿದರೆ ಅವನಿಗೆ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ. "ಬೈಪಾಸ್ ಮಾಡಿಕೊಡ್ತೀನಿ" ಎನ್ನುವವನನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಪ್ರಶ್ನೆ: ಮೋಟಾರಿಗೆ ಡೈನಮೋ ಕಟ್ಟಿ ಫ್ರೀ ಕರೆಂಟ್ ತೆಗೆಯುವ ವಿಡಿಯೋ ನೋಡಿದೆ...

ಮೇಜಿನ ಕೆಳಗಿನ ವೈರ್ ನೋಡಿದಿರಾ?