ಓದುಗರ ಪ್ರಶ್ನೆ: ಹಾಯಿದೋಣಿ ದಡ ಬಿಡುವ ಮುನ್ನ

ಪ್ರಶ್ನೆ: ಆನೆಗೊಂದಿ ಕಡೆ ಹೊಳೆಯಲ್ಲಿ ಹರಿಗೋಲು ಹಾಕಿ ಗೊತ್ತು, ಸಮುದ್ರ ಹೊಸದು. ಫೆಬ್ರವರಿಯಲ್ಲಿ ಗೆಳೆಯರ 40 ಅಡಿ ಹಾಯಿದೋಣಿಯಲ್ಲಿ ಕೊಚ್ಚಿಯಿಂದ ಮಾಲ್ಡೀವ್ಸ್‌ನ ಮಾಲೆಗೆ ನಾಲ್ವರು ಹೊರಟಿದ್ದೇವೆ. ಏನೇನು ನೋಡಿಕೊಳ್ಳಬೇಕು? ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾರೆ, ಸಾಕೇ?
– ಓದುಗರು, ಗಂಗಾವತಿ

ಉತ್ತರ: ನೇರ ದಾರಿ 400 ನಾಟಿಕಲ್ ಮೈಲಿಗೆ (ಸಮುದ್ರದ ಮೈಲಿ, ಸುಮಾರು 1.85 ಕಿ.ಮೀ.) ಸ್ವಲ್ಪ ಕಡಿಮೆ. ಗಂಟೆಗೆ 5 ಮೈಲಿಯಂತೆ ಮೂರೂಕಾಲು ದಿನ. ಆಗಿನ ಈಶಾನ್ಯ ಗಾಳಿ ಬೆನ್ನಿಗಿರುತ್ತದೆ ನಿಜ, ಆದರೆ ನಡುವೆ ಬಿದ್ದುಹೋಗುವುದೂ ಉಂಟು. ಐದು ದಿನ ಹಿಡಿಯಿರಿ. ಮೈ ಸಮುದ್ರಕ್ಕೆ ಒಗ್ಗುವ ಹೊತ್ತಿಗೆ ಅರ್ಧ ಪಯಣ ಮುಗಿದಿರುತ್ತದೆ. ಹಾಗಾಗಿ ವಾಂತಿ ಮಾಡುತ್ತಲೂ ಮಾಡಬಲ್ಲಷ್ಟು ಕೆಲಸ ಮಾತ್ರ ಸಮುದ್ರಕ್ಕಿರಲಿ, ಮಿಕ್ಕಿದ್ದು ದಡದಲ್ಲೇ ಮುಗಿಯಲಿ.

ಮೊದಲು ಡೀಸೆಲ್. ದೋಣಿ ನಿಂತಿರುವಾಗ ಟ್ಯಾಂಕಿನ ಗಸಿ ತಳದಲ್ಲಿ ಸುಮ್ಮನಿರುತ್ತದೆ. ಬಂದರಿನ ಬಾಯಲ್ಲಿ ಮೊದಲ ಅಲೆಗೆ ಕದಡಿ ಫಿಲ್ಟರ್ ಕಟ್ಟುತ್ತದೆ, ಇಂಜಿನ್ ಬೇಕಾದ ಜಾಗದಲ್ಲೇ ನಿಲ್ಲುತ್ತದೆ. ಗಸಿ, ನೀರು ಇಳಿಸಿ. ಎರಡು ಫಿಲ್ಟರ್ ಹೆಚ್ಚಿಗೆ ಇರಲಿ. ಟ್ರ್ಯಾಕ್ಟರಿನ ಡೀಸೆಲ್ ಪೈಪಿನ ಏರ್ ತೆಗೆದು ಗೊತ್ತಿದ್ದರೆ ಇಲ್ಲಿಯೂ ಅದೇ ಕೆಲಸ. ದಡದಲ್ಲಿ ಒಮ್ಮೆ ಫಿಲ್ಟರ್ ಬದಲಿಸಿ, ಏರ್ ತೆಗೆದು, ಸ್ಟಾರ್ಟ್ ಮಾಡಿ ನೋಡಿ. ಲಂಗರನ್ನು ಬಂದರು ದಾಟುವವರೆಗೆ ಬಿಗಿಯಬೇಡಿ, ಇಂಜಿನ್ ನಿಂತರೆ ಅದೇ ಬ್ರೇಕು. ಹೊರಬಂದ ಮೇಲೆ ಬಿಗಿದು ಕಟ್ಟಿ, ಸರಪಳಿ ಇಳಿಯುವ ತೂತಿಗೆ ಬಟ್ಟೆ ತುರುಕಿ. ಬಿಟ್ಟರೆ ಅಲೆ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ.

ಕೂವೆಮರ (ಹಾಯಿ ಕಟ್ಟುವ ಕಂಬ) ಹಿಡಿದ ತಂತಿಗಳ ಒಂದೊಂದು ಸ್ಪ್ಲಿಟ್ ಪಿನ್ನನ್ನೂ ಮುಟ್ಟಿ ನೋಡಿ. ತಂತಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಹೊರಡಬೇಡಿ. ಹಾರ್ನೆಸ್ (ದೋಣಿಯಿಂದ ಬೀಳದಂತೆ ಮೈಗೆ ಕಟ್ಟುವ ಪಟ್ಟಿ) ಸಿಕ್ಕಿಸಲು ಡೆಕ್ಕಿನ ಎರಡೂ ಬದಿಗೆ ಚಪ್ಪಟೆ ಪಟ್ಟಿ ಎಳೆದು ಕಟ್ಟಿ; ದುಂಡು ಹಗ್ಗವಾದರೆ ಕಾಲಡಿ ಉರುಳಿ ಬೀಳಿಸುತ್ತದೆ. ಬೆಳಕಿರುವಾಗಲೇ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಿ ಕಿರಿದು ಮಾಡಿಕೊಳ್ಳಿ. ರಾತ್ರಿ ತಲಾ ಮೂರು ತಾಸಿನಂತೆ ಪಾಳಿ ಕಾಯಿರಿ. ನಡುದಾರಿಯಲ್ಲಿ ಸರಕು ಹಡಗುಗಳ ದಾರಿಯನ್ನು ಅಡ್ಡ ದಾಟುತ್ತೀರಿ, ದೂರದ ದೀಪ 20 ನಿಮಿಷದಲ್ಲಿ ಮೈಮೇಲೆ ಬಂದೀತು. ಹತ್ತು ನಿಮಿಷಕ್ಕೊಮ್ಮೆ ಸುತ್ತಲೂ ಕಣ್ಣಾಡಿಸಿ. ಪಾಸ್‌ಪೋರ್ಟಿಗೆ ಮುದ್ರೆ, ಕಸ್ಟಮ್ಸ್ ಕಾಗದ ಕೊಚ್ಚಿಯಲ್ಲೇ ಆಗಬೇಕು.

ರೊಟ್ಟಿ ಒಳ್ಳೆಯ ಬುತ್ತಿಯೇ. ಆದರೆ ಬಟ್ಟೆಯಲ್ಲಿ ಸುತ್ತಿಟ್ಟರೆ ಉಪ್ಪುಗಾಳಿಗೆ ಮೆತ್ತಗಾಗುತ್ತದೆ; ದಿನದ ಲೆಕ್ಕದಲ್ಲಿ ಬೇರೆ ಬೇರೆ ಬಿಗಿ ಡಬ್ಬಿಗೆ ಹಾಕಿ. ಚಟ್ನಿಯ ಖಾರ ಮೊದಲೆರಡು ದಿನ ಬೇಡ, ಚುರುಮರಿ, ಬಾಳೆಹಣ್ಣು, ಓಆರ್‌ಎಸ್ ಸಾಕು. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯೇ ನುಂಗಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಗೆ ಹೋದೀತು, ದೋಣಿಯಲ್ಲಿ ತಳಕ್ಕಿಳಿದು ಕಿಡಿಗಾಗಿ ಕಾಯುತ್ತದೆ. ಚಹಾ ಇಳಿಸಿದ ಕೂಡಲೇ ಸಿಲಿಂಡರಿನ ವಾಲ್ವನ್ನೇ ಮುಚ್ಚಿ.

ಪ್ರಶ್ನೆ: ಇಂಥ ಪಯಣಕ್ಕೆ ಕುಡಿಯುವ ನೀರು ಎಷ್ಟು ಬೇಕು?
– ಓದುಗರು, ರಾಯಚೂರು

ಉತ್ತರ: ತಲೆಗೆ ದಿನಕ್ಕೆ 4 ಲೀಟರ್. ನಾಲ್ವರಿಗೆ ಐದು ದಿನಕ್ಕೆ 80. ಅದರ ಎರಡರಷ್ಟು ಒಯ್ಯಿರಿ. 40 ಲೀಟರಾದರೂ ಕ್ಯಾನುಗಳಲ್ಲಿರಲಿ, ಟ್ಯಾಂಕಿಗೆ ಉಪ್ಪುನೀರು ಸೇರಿದರೆ ಅಷ್ಟೇ ಗತಿ. ಕ್ಯಾನನ್ನು ಬಾಯಿಮಟ್ಟ ತುಂಬಬೇಡಿ. ಸ್ವಲ್ಪ ಖಾಲಿ ಬಿಟ್ಟರೆ ಸಮುದ್ರಕ್ಕೆ ಬಿದ್ದರೂ ತೇಲುತ್ತದೆ.